ಮುಕ್ಕಾದ ಮಡಕೆಗೊಂದು ಮುಖ

ಗುಂಡ್ಲುಪೇಟೆ ಕಡೆ ಚೆಂಡುಹೂವು, ಸೂರ್ಯಕಾಂತಿ ಅರಳುವ ಕಾಲಕ್ಕೆ ಹೊಲದಲ್ಲಿ ನಿಂತ ಬೆರ್ಚಪ್ಪನನ್ನು ನೋಡಿದ್ದೀರಲ್ಲ? ಅಂಥವನೊಬ್ಬನನ್ನು ನಿಮ್ಮ ಕೈತೋಟದಲ್ಲೂ ನಿಲ್ಲಿಸಿ. ಎರಡು ಬಿದಿರಿನ ಗಳ, ಹಳೇ ಅಂಗಿ, ಒಂದಿಷ್ಟು ರಾಗಿ ಹುಲ್ಲು, ಬಾಯಿ ಮುಕ್ಕಾದ ಮಡಕೆ ಸಾಕು. ಮಡಕೆಗೆ ಮಸಿ ಬಳಿದು, ಒಣಗಿದ ಮೇಲೆ ಸುಣ್ಣದಲ್ಲಿ ಕಣ್ಣು, ಮೀಸೆ, ಹಲ್ಲು ಬರೆಯಿರಿ. ಚೂರು ಗೋಂದು ಬೆರೆಸಿದರೆ ಸುಣ್ಣ ಮಳೆಗೆ ಬೇಗ ಅಳಿಸಿಹೋಗದು. ಮಡಕೆ ಬೋರಲಾಗಿಯೇ ಇರಲಿ, ನೀರು ನಿಂತರೆ ಸೊಳ್ಳೆ ಕಾಟ. ಅಂಗಿಯ ತೋಳಿಗೆ ಹುಲ್ಲು ತುಂಬಬೇಡಿ. ಗಾಳಿಗೆ ತೋಳು ಆಡಿದರೇನೇ ಅವನಿಗೆ ಜೀವ.

ಚಾಮರಾಜನಗರ ಜಿಲ್ಲೆಯ ನಮ್ಮ ಊರುಗಳಿಗೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡು ಹತ್ತಿರ. ಹಾಗಾಗಿ ಬೆರ್ಚಪ್ಪನ ಅಂದಕ್ಕೆಂದು ಪ್ಲಾಸ್ಟಿಕ್ ಕವರ್ ಮಾತ್ರ ಕಟ್ಟಬೇಡಿ. ಗಾಳಿಗೆ ಹಾರಿದ್ದು ದನದ ಹೊಟ್ಟೆಗೋ ಜಿಂಕೆಯ ಹೊಟ್ಟೆಗೋ ಸೇರುತ್ತದೆ.