ಚಿತ್ರ ನಿಂತು ಮಾತು ಓಡುವಾಗ

ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ಸರಿಯಾಗಿ ಓಡದಿದ್ದರೆ ಹೆಚ್ಚಿನವರು ಮೊದಲು ಬೇರೊಂದು ಪ್ಲೇಯರ್ ಹಾಕಿ ನೋಡುತ್ತಾರೆ. ಅದೂ ಆಗದಿದ್ದರೆ ಎಲ್ಲಿಂದಲೋ ಒಂದು ಕೋಡೆಕ್ ಪ್ಯಾಕ್ ಇಳಿಸಿಕೊಳ್ಳುತ್ತಾರೆ. ಕೊನೆಗೆ ಅಂಗಡಿಗೆ ಒಯ್ದು ವಿಂಡೋಸನ್ನೇ ಹೊಸದಾಗಿ ಹಾಕಿಸುತ್ತಾರೆ. ನಮ್ಮ ಮನೆಯ, ನೆಂಟರ ಮನೆಗಳ ಕಂಪ್ಯೂಟರುಗಳನ್ನು ಎಷ್ಟೋ ವರ್ಷಗಳಿಂದ ನೋಡಿಕೊಂಡು ಬಂದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ: ಏನನ್ನೂ ಹಾಕುವ, ತೆಗೆಯುವ ಮೊದಲು ವಿಡಿಯೊ ಹೇಗೆ ಕೆಡುತ್ತಿದೆ ಎಂದು ಎರಡು ನಿಮಿಷ ಸುಮ್ಮನೆ ನೋಡಬೇಕು. ತೊಂದರೆ ಎಲ್ಲಿದೆ ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಚಿಕ್ಕಮ್ಮನ ಮಗಳ ಮದುವೆಯ ವಿಡಿಯೊ ಬಂದಾಗ ಆದದ್ದು ಹೀಗೆ. ನನ್ನ ತಮ್ಮ ಐಫೋನಿನಲ್ಲಿ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. “ಧಾರೆ ಎರೆಯೋ ಹೊತ್ತಿಗೇ ಸ್ಟ್ರಕ್ ಆಗಿಬಿಡತ್ತೆ ನೋಡೋ” ಎಂದು ಅಮ್ಮ ಕರೆದರು. ನೋಡಿದರೆ ಓಲಗದ ದನಿ ತಡೆಯಿಲ್ಲದೆ ಬರುತ್ತಿದೆ, ಚಿತ್ರ ಮಾತ್ರ ನಿಂತು ನಿಂತು ಹಾರುತ್ತಿದೆ. ದನಿ ಸರಾಗವಾಗಿದೆ ಎಂದ ಮೇಲೆ ಪೆನ್‌ಡ್ರೈವ್ ಓದಿಕೊಡುವುದರಲ್ಲಿ ತೊಂದರೆಯಿಲ್ಲ, ಚಿತ್ರವನ್ನು ಬಿಡಿಸುವ ಕೆಲಸಕ್ಕೆ ಕಂಪ್ಯೂಟರಿನ ಶಕ್ತಿ ಸಾಲುತ್ತಿಲ್ಲ ಎಂದು ಅಂದಾಜಾಯಿತು. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿದರೆ ಕಡತದ ಜಾತಕ ತೆರೆದುಕೊಳ್ಳುತ್ತದೆ. ಕೋಡೆಕ್ ಎಚ್‌ಇವಿಸಿ, ಅಳತೆ 4ಕೆ, ಸೆಕೆಂಡಿಗೆ 60 ಚೌಕಟ್ಟು ಎಂದಿತ್ತು. ಅದೇ ಕಿಟಕಿಯ ಅಂಕಿಅಂಶದ ಭಾಗದಲ್ಲಿ ಕಳೆದುಹೋದ ಚೌಕಟ್ಟುಗಳ ಲೆಕ್ಕ ಏರುತ್ತಲೇ ಇತ್ತು.

ಕಡತದ ಹೆಸರಿನ ಕೊನೆಯಲ್ಲಿ ಎಂಪಿ4 ಎಂದೋ ಎಂಒವಿ ಎಂದೋ ಇರುವುದು ಬರೀ ಡಬ್ಬಿಯ ಗುರುತು. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಎಂಬುದೇ ಮುಖ್ಯ. 2003ರಲ್ಲಿ ಬಂದ ಎಚ್.264 ವಿಧಾನವನ್ನು ಈಗ ಮನೆಗಳಲ್ಲಿರುವ ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ಸಲೀಸಾಗಿ ಬಿಡಿಸುತ್ತವೆ. ಎಚ್‌ಇವಿಸಿ ಬಂದದ್ದು 2013ರಲ್ಲಿ. ಐಫೋನುಗಳು ಅದರಲ್ಲಿ ವಿಡಿಯೊ ತೆಗೆಯತೊಡಗಿದ್ದು 2017ರಿಂದ. ಕಡತದ ಗಾತ್ರ ಸಣ್ಣದಾಗುತ್ತದೆ, ಬಿಡಿಸುವ ಲೆಕ್ಕ ಮಾತ್ರ ಬಹಳ ಭಾರ. ಅದಕ್ಕೆಂದೇ ಬೇಕಾದ ಪೂರ್ಣ ವ್ಯವಸ್ಥೆ ಇಂಟೆಲ್ ಚಿಪ್‌ಗಳೊಳಗೆ ಸೇರಿದ್ದು 2015ರ ಆರನೇ ತಲೆಮಾರಿನಿಂದ. 10 ಬಿಟ್ ಬಣ್ಣದ ವಿಡಿಯೊ ಆದರೆ ಏಳನೆಯದೇ ಬೇಕು. ನಮ್ಮ ಮನೆಯದು ನಾಲ್ಕನೇ ತಲೆಮಾರಿನ ಐ3. ಪ್ಲೇಯರ್ ಎಷ್ಟು ಬದಲಿಸಿದರೂ ಆ ಕೊರತೆ ತುಂಬುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಶೇಕಡಾ 100ರ ಹತ್ತಿರವೇ ನಿಂತಿತ್ತು.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264, 1080 ಅಳತೆ, ಸೆಕೆಂಡಿಗೆ 30 ಚೌಕಟ್ಟು ಎಂದು ಆರಿಸಿ ರಾತ್ರಿ ಮಲಗುವಾಗ ಬಿಟ್ಟೆ. ಬೆಳಿಗ್ಗೆ ಸಿದ್ಧವಾಗಿದ್ದ ಪ್ರತಿಯಲ್ಲಿ ಅಮ್ಮ ಧಾರೆಯನ್ನು ಪೂರ್ತಿ ನೋಡಿದರು. ತಮ್ಮನಿಗೂ ಹೇಳಿದೆ: ಊರಿನ ಹಳೆಯ ಕಂಪ್ಯೂಟರುಗಳಲ್ಲಿ ನೋಡಬೇಕಾದದ್ದನ್ನು ಚಿತ್ರೀಕರಿಸುವಾಗ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೋ, 1080 ಅಳತೆಯಲ್ಲೇ ತೆಗೆ.

ಚಿತ್ರ, ದನಿ ಎರಡೂ ಒಟ್ಟಿಗೆ ನಿಲ್ಲುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಪೆನ್‌ಡ್ರೈವನ್ನೋ ಹಳೆಯ ಹಾರ್ಡ್ ಡಿಸ್ಕನ್ನೋ. ಕಡತವನ್ನು ಒಳಗಿನ ಡಿಸ್ಕಿಗೆ ನಕಲು ಮಾಡಿಕೊಂಡು ನೋಡಿದರೆ ಗೊತ್ತಾಗಿಬಿಡುತ್ತದೆ. ಆ ನಕಲೇ ನಡುವೆ ನಿಂತರೆ ಡಿಸ್ಕ್ ಸಾಯುವ ಹಾದಿಯಲ್ಲಿರಬಹುದು. ವಿಡಿಯೊ ಮರೆತು ಮೊದಲು ಅದರಲ್ಲಿರುವುದನ್ನೆಲ್ಲ ಬೇರೆಡೆ ಉಳಿಸಿಕೊಳ್ಳಬೇಕು. ಯೂಟ್ಯೂಬ್ ಮಾತ್ರ ತೊಡರುತ್ತಿದ್ದರೆ ಗುಣಮಟ್ಟವನ್ನು 720ಕ್ಕೆ ಇಳಿಸಿ ನೋಡಿ. ಪರದೆ ಹಸಿರಾಗುವುದು, ಮಿನುಗುವುದು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನ ತೊಂದರೆ. ಬ್ರೌಸರಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಒಮ್ಮೆ ನಿಲ್ಲಿಸಿ, ಸರಿಹೋದರೆ ಡ್ರೈವರನ್ನು ಅದರ ತಯಾರಕರ ತಾಣದಿಂದಲೇ ಹೊಸದು ಮಾಡಿಕೊಳ್ಳಿ.

ಕಡತ ತೆರೆಯುವುದೇ ಇಲ್ಲ ಎಂಬುದು ಬೇರೆಯೇ ಸಂಗತಿ. ಎಂಪಿ4 ಕಡತದಲ್ಲಿ ಯಾವ ಚೌಕಟ್ಟು ಎಲ್ಲಿದೆ ಎಂದು ತಿಳಿಸುವ ಪಟ್ಟಿಯೊಂದಿರುತ್ತದೆ. ಎಷ್ಟೋ ಕ್ಯಾಮೆರಾಗಳು ಅದನ್ನು ಬರೆಯುವುದು ಚಿತ್ರೀಕರಣ ನಿಲ್ಲಿಸಿದ ಮೇಲೆ. ನಡುವೆ ಬ್ಯಾಟರಿ ಮುಗಿದರೆ ಚಿತ್ರವೆಲ್ಲ ಒಳಗಿದ್ದರೂ ಪ್ಲೇಯರಿಗೆ ದಾರಿ ಕಾಣದು. ಅಕ್ಕನ ಮಗನ ನಾಮಕರಣದ ಒಂದು ಭಾಗ ಹೀಗೆಯೇ ಆಗಿತ್ತು. ಅನ್‌ಟ್ರಂಕ್ ಎಂಬ ಉಚಿತ ಸಾಧನಕ್ಕೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಳ್ಳೆಯ ಕಡತವೊಂದನ್ನು ಮಾದರಿಯಾಗಿ ಕೊಟ್ಟು ಬಹುಪಾಲು ಮರಳಿ ಪಡೆದೆವು. ತೆರೆಯದ ಕಡತವೆಂದರೆ ಸತ್ತ ಕಡತ ಎಂದು ತೀರ್ಮಾನಿಸಬಾರದು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅಡಿಬರಹದ ತೊಂದರೆ. ಅಪ್ಪನಿಗೆ ಕಿವಿ ಮಂದ. ಅಜ್ಜಿ ಹಳೆಯ ಸಂಗತಿಗಳನ್ನು ಹೇಳುವ ವಿಡಿಯೊಗೆ ಕನ್ನಡದಲ್ಲಿ ಅಡಿಬರಹ ಕೂರಿಸಿದೆವು; ತೆರೆಯ ಮೇಲೆ ಬಂದದ್ದು ಬರೀ ಪ್ರಶ್ನೆಚಿಹ್ನೆ. ಎಸ್‌ಆರ್‌ಟಿ ಕಡತವನ್ನು ನೋಟ್‌ಪ್ಯಾಡ್ ‘ಆನ್ಸಿ’ಯಲ್ಲಿ ಉಳಿಸಿತ್ತು, ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಕನ್ನಡ ಆಗಲೇ ಅಳಿದಿತ್ತಾದ್ದರಿಂದ ಸಾಲುಗಳನ್ನು ಮತ್ತೆ ಅಂಟಿಸಿ ‘ಯುಟಿಎಫ್-8’ ಎಂದು ಉಳಿಸಬೇಕಾಯಿತು. ಅಷ್ಟಾದರೂ ಚೌಕಾಕಾರಗಳು ಕಂಡರೆ ವಿಎಲ್‌ಸಿಯ ಅಡಿಬರಹದ ಸೆಟ್ಟಿಂಗಿನಲ್ಲಿ ನಿರ್ಮಲಾ ಯುಐ ಫಾಂಟ್ ಆರಿಸಿ, ವಿಂಡೋಸ್ 8ರಿಂದೀಚೆಗೆ ಅದು ಇದ್ದೇ ಇರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸದೆ ಬಳಸಲಾಗದು. ಅಪ್ಪ ಈಗ ಅಜ್ಜಿಯ ಮಾತನ್ನು ಓದುತ್ತ ನೋಡುತ್ತಾರೆ.

ಓದುಗರಲ್ಲಿ ಒಂದು ಕೋರಿಕೆ. ವಿಡಿಯೊ ಓಡುತ್ತಿಲ್ಲವೆಂದು ಮೂಲ ಕಡತವನ್ನು ಅಳಿಸಬೇಡಿ, ಪರಿವರ್ತಿಸಿದ ಪ್ರತಿ ಚೆನ್ನಾಗಿದೆಯೆಂದೂ ಅಳಿಸಬೇಡಿ. ಮೂಲವನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟ ಮೇಲಷ್ಟೇ ಯಾವುದೇ ರಿಪೇರಿಗೆ ಕೈಹಾಕಿ.