ಫೀ ಎಷ್ಟು ಅನ್ನುವ ಮೊದಲು, ಸೀಟು ಯಾವುದು?

ಜೂನ್ ಬಂತೆಂದರೆ ಬೆಳಗಾವಿಯ ಸದಾಶಿವನಗರದ ಸಂಜೆಯ ಹರಟೆಯಲ್ಲಿ ಮಳೆಗಿಂತ ಸೀಟಿನ ಮಾತೇ ಹೆಚ್ಚು. ‘ಫೀ ಎಷ್ಟ್ರೀ?’ ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಒಂದು ಅಂಕಿ ಹೇಳುತ್ತಾರೆ. ಮೂರನೆಯವರು ‘ಅಷ್ಟೆಲ್ಲೈತ್ರಿ, ನಮ್ಮ ಹುಡುಗಗ ಅದರ ಅರ್ಧಾನೂ ಇಲ್ಲ’ ಅನ್ನುತ್ತಾರೆ. ಮಾತು ಒಂದೇ ಕಾಲೇಜಿನದು, ಒಂದೇ ಕೋರ್ಸಿನದು. ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೇ ಬೆಂಚಿನ ಮೇಲೆ ಕೂತ ಮೂರು ಮಕ್ಕಳು ಮೂರು ದರ ಕೊಟ್ಟು ಕೂತಿರುತ್ತಾರೆ, ಅಷ್ಟೇ.

ಸಿಇಟಿ, ಕಾಮೆಡ್-ಕೆ, ಮ್ಯಾನೇಜ್‌ಮೆಂಟ್ ಎಂಬ ಮೂರು ದಾರಿ ಎಲ್ಲರಿಗೂ ಗೊತ್ತು. ‘ಖಾಸಗಿ ವಿಶ್ವವಿದ್ಯಾಲಯ’ ಎಂಬ ಬೋರ್ಡು ಕಂಡ ಕೂಡಲೇ ‘ಅದು ನಮ್ಮಂಥವರಿಗಲ್ಲ’ ಎಂದು ಹಿಂದೆ ಸರಿಯುವವರು ಮಾತ್ರ ಇನ್ನೂ ಬಹಳ ಜನ. ಕರ್ನಾಟಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಶೇ 40ರಷ್ಟು ಸೀಟು ರಾಜ್ಯದ ಮಕ್ಕಳಿಗೆ ಮೀಸಲು. ಎಂಜಿನಿಯರಿಂಗ್‌ನಲ್ಲಿ ಅವನ್ನು ಸಿಇಟಿ ರ‍್ಯಾಂಕ್ ಮೇಲೆ ಕೆಇಎ ಹಂಚುತ್ತದೆ. ಆ ಸೀಟಿನ ವರ್ಷದ ಫೀ ಈಚಿನ ವರ್ಷಗಳಲ್ಲಿ ಲಕ್ಷ ರೂಪಾಯಿಯ ಆಚೀಚೆ ಇದೆ. ಅದೇ ಕ್ಯಾಂಪಸ್ಸಿನ ಮ್ಯಾನೇಜ್‌ಮೆಂಟ್ ಸೀಟಿಗೆ, ಅದರಲ್ಲೂ ಕಂಪ್ಯೂಟರ್ ಸೈನ್ಸಿಗೆ, ಇದರ ಎರಡು-ಮೂರು ಪಟ್ಟು ಕೇಳುವುದು ಸಾಮಾನ್ಯ.

ನಮ್ಮ ಮನೆಯಲ್ಲಿ ಇದೇ ಲೆಕ್ಕದ ಮೇಲೆ ದೊಡ್ಡ ವಾದ ನಡೆಯಿತು. ಮಗಳ ರ‍್ಯಾಂಕಿಗೆ ಸಿಇಟಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಗುತ್ತಿತ್ತು. ಕಂಪ್ಯೂಟರ್ ಸೈನ್ಸ್ ಬೇಕೆಂದರೆ ಮ್ಯಾನೇಜ್‌ಮೆಂಟ್. ‘ನಾಲ್ಕು ವರ್ಷದ ಮಾತು, ಹೆಂಗಾರ ಮಾಡಿ ಕಟ್ಟೋಣ’ ಎಂದಳು ಹೆಂಡತಿ. ನಾನು ಬ್ರಾಂಚಿನ ಬಗ್ಗೆ ವಾದ ಮಾಡಲಿಲ್ಲ. ಎಲೆಕ್ಟ್ರಾನಿಕ್ಸ್ ಓದಿ ಕೋಡಿಂಗ್ ಕೆಲಸಕ್ಕೆ ಸೇರಿದವರು ನಮ್ಮ ಓಣಿಯಲ್ಲೇ ಇದ್ದಾರೆ ಎಂದು ಒಂದು ಮಾತು ಹೇಳಿ, ಕಾಗದದ ಮೇಲೆ ಬೇರೆಯದನ್ನೇ ಬರೆದು ತೋರಿಸಿದೆ: ಸಿಇಟಿ ಸೀಟು ಬಿಟ್ಟರೆ ಫೀ ಏರುವುದಷ್ಟೇ ಅಲ್ಲ, ನೆರವಿನ ಬಾಗಿಲುಗಳೂ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮಗಳು ಎಲೆಕ್ಟ್ರಾನಿಕ್ಸ್‌ಗೆ ಸೇರಿದಳು.

ಆ ಬಾಗಿಲುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರದ ಪಿಎಂ ವಿದ್ಯಾಲಕ್ಷ್ಮಿಗೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಅಡಮಾನವಿಲ್ಲ, ಜಾಮೀನುದಾರರಿಲ್ಲ, ಪೂರ್ತಿ ಫೀಗೆ ಸಾಲ. ಆದರೆ ಎರಡು ಷರತ್ತು. ಕಾಲೇಜಿನ ಹೆಸರು ಅವರ ಪಟ್ಟಿಯಲ್ಲಿರಬೇಕು. ಶುರುವಿನಲ್ಲಿ ಆ ಪಟ್ಟಿಯಲ್ಲಿದ್ದದ್ದು ದೇಶದ 860 ಸಂಸ್ಥೆಗಳು. ಮತ್ತು ಸೀಟು ಮೆರಿಟ್ ಮೇಲೆ ಬಂದಿರಬೇಕು. ಮ್ಯಾನೇಜ್‌ಮೆಂಟ್ ಕೋಟಾ ಎಂದರೆ ಅರ್ಜಿ ಅಲ್ಲಿಗೇ ನಿಂತಿತು. ರಾಜ್ಯದ ‘ಅರಿವು’ ಸಾಲದ್ದೂ ಇದೇ ಕತೆ. ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳಲ್ಲಿ ಇದು ಅರಿವು ಎಂಬ ಹೆಸರಿನಲ್ಲಿದೆ. ವೀರಶೈವ ಲಿಂಗಾಯತ ನಿಗಮದಲ್ಲಿ ‘ಬಸವ ಬೆಳಗು’. ಬಸವ ಬೆಳಗಿನಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಶೇ 2ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಶೇ 2! ಪತ್ತಿನ ಸಂಘದಲ್ಲಿ ಬಂಗಾರ ಇಟ್ಟರೂ ಈ ಬಡ್ಡಿಗೆ ಯಾರೂ ಕೊಡುವುದಿಲ್ಲ. ಆದರೆ ಅದಕ್ಕೂ ಸಿಇಟಿಯಂಥ ಪರೀಕ್ಷೆಯ ಮೂಲಕ ಸೀಟು ಬಂದಿರಬೇಕು.

ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಎಸ್‌ಎನ್‌ಕ್ಯೂ. ಎಐಸಿಟಿಇ ಮಾನ್ಯತೆಯ ಕಾಲೇಜುಗಳಲ್ಲಿ ಪ್ರತಿ ಕೋರ್ಸಿಗೆ ಶೇ 5ರಷ್ಟು ಹೆಚ್ಚುವರಿ ಸೀಟು; ಮನೆಯ ವರಮಾನ ವರ್ಷಕ್ಕೆ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಜಾತಿಯ ಪ್ರಶ್ನೆಯಿಲ್ಲ. ಆದರೆ ಅದನ್ನು ಕೇಳಬೇಕಾದದ್ದು ಸಿಇಟಿ ಪ್ರಕ್ರಿಯೆಯಲ್ಲೇ. ಕಾಲೇಜಿಗೆ ಸೇರಿದ ಮೇಲೆ ಪ್ರಿನ್ಸಿಪಾಲರ ಎದುರು ಕೈಮುಗಿದರೆ ಬರುವುದಿಲ್ಲ. ಹಾಗೆ ಬಂದ ಸೀಟಿನ ಕಾಲೇಜು, ಬ್ರಾಂಚು ಮುಂದೆ ಬದಲಿಸಲೂ ಆಗುವುದಿಲ್ಲ. ಹಳ್ಳಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಮಕ್ಕಳಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಬೇರೆ ಮೀಸಲಾತಿ. ಇವನ್ನು ನೆರವು ಎಂದು ಯಾರೂ ಕರೆಯುವುದಿಲ್ಲ. ಎರಡೂವರೆ ಲಕ್ಷದ ಸೀಟು ಒಂದು ಲಕ್ಷಕ್ಕೆ ಇಳಿದರೆ ಅದನ್ನು ಬೇರೆ ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಅದೇ ವರ್ಷ ಖಾನಾಪುರದಲ್ಲಿರುವ ನನ್ನ ತಂಗಿಯ ಮಗಳಿಗೂ ಎಂಜಿನಿಯರಿಂಗ್ ಸೀಟು ಬಂತು. ಅವರದು ಒಂದು ಕಿರಾಣಿ ಅಂಗಡಿ, ಸ್ವಲ್ಪ ಹೊಲ. ನಾನು ಫೋನಿನಲ್ಲಿ ಯೋಜನೆಗಳ ಹೆಸರು ಓದುತ್ತ ಹೋದೆ. ತಂಗಿ ಎಲ್ಲ ಕೇಳಿಸಿಕೊಂಡು, ‘ಅಣ್ಣಾ, ಎಷ್ಟ ಬರತೈತಿ ಅನ್ನೂದ ತಿಳೀತು. ಯಾವಾಗ ಬರತೈತಿ ಅದನ್ನ ಹೇಳು’ ಎಂದಳು. ಹಣಕಾಸಿನ ಬಗ್ಗೆ ಬರೆಯುವ ನಾನೇ ಕೇಳಬೇಕಿದ್ದ ಪ್ರಶ್ನೆ ಅದು. ಕಾಲೇಜಿಗೆ ಹಣ ಬೇಕಾಗುವುದು ಸೀಟು ಖಚಿತವಾದ ವಾರ. ಸ್ಕಾಲರ್‌ಶಿಪ್‌ನ ಅರ್ಜಿ ತೆರೆಯುವುದೇ ಆಮೇಲೆ. ಪರಿಶೀಲನೆ, ಮಂಜೂರಾತಿ ಮುಗಿದು ಖಾತೆಗೆ ದುಡ್ಡು ಬೀಳುವಷ್ಟರಲ್ಲಿ ಸೆಮಿಸ್ಟರ್ ಕಳೆದಿರುತ್ತದೆ. ನಡುವಿನ ತಿಂಗಳುಗಳನ್ನು ಮನೆಯವರು ತುಂಬಬೇಕು. ಬಡವರಿಗೆಂದು ಮಾಡಿದ ನೆರವು ಸಿಗಬೇಕಾದರೆ ಮೊದಲು ಕೈಯಲ್ಲಿ ಒಂದಿಷ್ಟು ದುಡ್ಡಿರಬೇಕು ಎನ್ನುವುದು ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಎಂದೇ ನನ್ನ ಅಭಿಪ್ರಾಯ. ತಂಗಿ ಬಳೆ ಅಡವಿಟ್ಟು ಮೊದಲ ಕಂತು ಕಟ್ಟಿದಳು. ಆ ಬಡ್ಡಿಯೂ ಫೀಯಲ್ಲೇ ಸೇರಬೇಕು. ಯಾವ ಪ್ರಾಸ್ಪೆಕ್ಟಸ್‌ನಲ್ಲೂ ಅದು ಇರುವುದಿಲ್ಲ.

ಆಮೇಲೆ ಬ್ಯಾಂಕ್ ಸಾಲ. ಒಂದು ಶಾಖೆಯಲ್ಲಿ ‘ಜಾಗದ ಉತಾರ ತರ್ರಿ’ ಎಂದರು. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಯಾವ ಅಡಮಾನವನ್ನೂ ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗೆ ಸರ್ಕಾರದ ಗ್ಯಾರಂಟಿ ನಿಧಿ ಇದೆ. ಈ ನಿಯಮ ತೋರಿಸಿ ಉತ್ತರವನ್ನು ಬರವಣಿಗೆಯಲ್ಲಿ ಕೇಳಿದ ಮೇಲೆ ಉತಾರದ ಮಾತು ನಿಂತಿತು. ಬಾಯಿಮಾತಿನ ‘ಆಗೂದಿಲ್ಲ’ಕ್ಕೆ ಉತ್ತರವಿಲ್ಲ. ಅದಕ್ಕೇ ವಿದ್ಯಾಲಕ್ಷ್ಮಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ ನಂಬರ್ ಇಟ್ಟುಕೊಂಡು ಶಾಖೆಗೆ ಹೋಗುವುದು ಒಳ್ಳೆಯದು.

ಈಗ ಒಂದು ಲೆಕ್ಕ. ಫೀ, ಪುಸ್ತಕ, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ ಆರು ಲಕ್ಷ ಸಾಲ, ಬಡ್ಡಿ ಶೇ 10 ಎಂದುಕೊಳ್ಳಿ. ಓದಿನ ನಾಲ್ಕು ವರ್ಷ ಮತ್ತು ಮುಂದಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲೇ ಆ ಐದು ವರ್ಷಕ್ಕೆ 2.10 ಲಕ್ಷ ಆಗುತ್ತದೆ. ಕಂತು ಶುರುವಾಗುವ ದಿನ ಸಾಲ 8.10 ಲಕ್ಷ, ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 10,700 ರೂಪಾಯಿ. ಆ ಬಡ್ಡಿ ಇಲ್ಲದಿದ್ದರೆ ಕಂತು 7,900ರ ಹತ್ತಿರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕೊಡುವ ಹುಡುಗಿಗೆ ಈ 2,800 ರೂಪಾಯಿ ಸಣ್ಣದಲ್ಲ.

ಮನೆಯ ವರಮಾನ ನಾಲ್ಕೂವರೆ ಲಕ್ಷದೊಳಗಿದ್ದು, ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರುವಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಈ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. ತಂಗಿಯ ಮನೆಗೆ ಇದು ಸಿಕ್ಕಿತು. ವರಮಾನ ಎಂಟು ಲಕ್ಷದೊಳಗಿದ್ದರೆ ವಿದ್ಯಾಲಕ್ಷ್ಮಿಯಲ್ಲಿ ಶೇ 3ರ ರಿಯಾಯಿತಿ, ಅದೂ ವರ್ಷಕ್ಕೆ ದೇಶದ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ನನ್ನ ಮನೆಯ ವರಮಾನ ಎಂಟು ಲಕ್ಷದ ಗೆರೆಯನ್ನು ಸ್ವಲ್ಪವೇ ದಾಟುತ್ತದೆ. ಬಡ್ಡಿಯ ನೆರವು ನಮಗೆ ಇಲ್ಲ. ಬೇಸರವಿಲ್ಲವೇ ಎಂದರೆ, ಇದೆ. ಆದರೆ ನಮ್ಮ ಕೈಯಲ್ಲಿ ಇನ್ನೊಂದು ಉಪಾಯವಿತ್ತು: ಓದುವಾಗಲೇ ಬಡ್ಡಿ ಕಟ್ಟುವುದು. ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಹೀಗೆ ಏರುತ್ತ ಕೊನೆಗೆ 5,000. ಹೀಗೆ ಕಟ್ಟುವವರಿಗೆ ಬಹಳ ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ಬಿಡುತ್ತವೆ. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. ಮನೆಯಲ್ಲಿದ್ದ ಠೇವಣಿ ಮುರಿದು ಪೂರ್ತಿ ಫೀ ಕಟ್ಟುವುದಕ್ಕಿಂತ ಇದೇ ಮೇಲು ಎಂದು ನನಗನ್ನಿಸಿತು. ವಯಸ್ಸಾದ ತಾಯಿ ಇರುವ ಮನೆಯಲ್ಲಿ ಠೇವಣಿಗೆ ಬೇರೆ ಕೆಲಸ ಯಾವಾಗ ಬೀಳುತ್ತದೋ.

ಖರ್ಚಿನ ಇನ್ನೊಂದು ಅರ್ಧ ಹಾಸ್ಟೆಲ್ಲು, ಊಟ, ಓಡಾಟ. ಇಲ್ಲಿ ಬೆಳಗಾವಿಯ ಭೂಗೋಳವೇ ತಂಗಿಯ ಸಹಾಯಕ್ಕೆ ಬಂತು. ಉದ್ಯಮಬಾಗ ಇರುವುದು ಖಾನಾಪುರ ರಸ್ತೆಯ ಮೇಲೆ. ಗೋಗಟೆ ತಾಂತ್ರಿಕ ವಿದ್ಯಾಲಯವೂ ಅಲ್ಲೇ, ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾಂಪಸ್ ಆಗಿರುವ ಶೇಷಗಿರಿ ಕಾಲೇಜೂ ಅಲ್ಲೇ. ಇನ್ನೂ ಖಾನಾಪುರದ ಕಡೆಗೆ ಹೋದರೆ ಮಚ್ಛೆಯಲ್ಲಿ ವಿಟಿಯು. ಖಾನಾಪುರದಿಂದ ಹೊರಟ ಬಸ್ಸು ಊರೊಳಗೆ ಬರುವ ಮೊದಲೇ ಕಾಲೇಜಿನ ಹತ್ತಿರ ನಿಲ್ಲುತ್ತದೆ. ಸದಾಶಿವನಗರದ ನನ್ನ ಮಗಳು ಸಿಬಿಟಿ ನಿಲ್ದಾಣದಲ್ಲಿ ಬಸ್ಸು ಬದಲಿಸಿ, ಊರು ದಾಟಿ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಾಸ್ಟೆಲ್ಲಿಗೆ ವರ್ಷಕ್ಕೆ ಮುಕ್ಕಾಲು ಲಕ್ಷವೋ ಒಂದು ಲಕ್ಷವೋ ತೆರುವುದರ ಬದಲು ಮನೆಯ ರೊಟ್ಟಿ ಕಟ್ಟಿಕೊಂಡು ಹೋಗಿ ಬರುವ ಹುಡುಗಿಯರು ಆ ಬಸ್ಸಿನ ತುಂಬ. ಯಾವ ಸ್ಕಾಲರ್‌ಶಿಪ್ ಪಟ್ಟಿಯಲ್ಲೂ ಇಲ್ಲದ ಶಕ್ತಿಯೇ ನನ್ನ ಸೋದರಸೊಸೆಗೆ ಸಿಕ್ಕ ದೊಡ್ಡ ಸ್ಕಾಲರ್‌ಶಿಪ್. ಅವಳ ಜೊತೆ ಓದುವ ಗಂಡುಮಕ್ಕಳಿಗೆ ಪಾಸೇ ಗತಿ.

ಸಣ್ಣ ಮೊತ್ತಗಳನ್ನೂ ಬಿಡಬಾರದು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ರೈತರ ಮಗನಿಗೆ ಗೊತ್ತುಮಾಡಿದ್ದು ವರ್ಷಕ್ಕೆ 10,000, ಮಗಳಿಗೆ 11,000. ರೈತರ ಗುರುತಿನ ಸಂಖ್ಯೆ, ಎಂದರೆ ಎಫ್‌ಐಡಿ ಮಾಡಿಸಿರಬೇಕು. ಎಐಸಿಟಿಇಯ ಪ್ರಗತಿ ಯೋಜನೆ ಎಂಟು ಲಕ್ಷದೊಳಗಿನ ಮನೆಯ ಹುಡುಗಿಯರಿಗೆ ವರ್ಷಕ್ಕೆ 50,000 ಕೊಡುತ್ತದೆ. ಆಯ್ಕೆ ಮೆರಿಟ್ ಮೇಲೆ, ಸಂಖ್ಯೆಯೂ ಸೀಮಿತ. ಆದರೂ ಅರ್ಜಿ ಹಾಕದವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ, ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು. ಇವಕ್ಕೆಲ್ಲ ಬೇಕಾಗುವ ಕಾಗದ ಹೆಚ್ಚುಕಡಿಮೆ ಅವೇ: ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಮಗುವಿನ ಹೆಸರಿನಲ್ಲೇ ಇರುವ, ಆಧಾರ್ ಸೀಡಿಂಗ್ ಆದ ಬ್ಯಾಂಕ್ ಖಾತೆ. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಅಡ್ಡಹೆಸರು ಹಿಂದುಮುಂದು. ಖಾನಾಪುರದ ಕಡೆ ಒಂದು ಕಾಗದ ಕನ್ನಡದಲ್ಲಿ, ಇನ್ನೊಂದು ಮರಾಠಿ ಶಾಲೆಯದು ಇರುವುದರಿಂದ ಈ ತೊಡಕು ಇನ್ನೂ ಹೆಚ್ಚು. ಪಿಯುಸಿ ಎರಡನೇ ವರ್ಷದ ದಸರಾ ರಜೆಯಲ್ಲೇ ಇದನ್ನು ಸರಿಮಾಡಿಸಿಕೊಂಡರೆ ಜೂನ್‌ನಲ್ಲಿ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ವಿಶ್ವವಿದ್ಯಾಲಯಗಳ ಸ್ವಂತ ಸ್ಕಾಲರ್‌ಶಿಪ್‌ಗಳನ್ನೂ ಕೇಳಬೇಕು, ಆದರೆ ಅನುಮಾನದಿಂದಲೇ. ‘ಶೇ 50 ರಿಯಾಯಿತಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಕೆಳಗಿನ ಸಣ್ಣಕ್ಷರ ಓದಿ. ರಿಯಾಯಿತಿ ಮೊದಲ ವರ್ಷಕ್ಕಷ್ಟೇ ಇರಬಹುದು, ಅಥವಾ ಸಿಜಿಪಿಎ ಒಂದು ಗೆರೆಗಿಂತ ಕೆಳಗೆ ಬಿದ್ದರೆ ರದ್ದಾಗಬಹುದು. ಎಂಜಿನಿಯರಿಂಗಿನ ಮೊದಲ ವರ್ಷದ ಗಣಿತದಲ್ಲಿ ಬೀಳದವರು ಯಾರು? ಸೇರಿದ ಮೇಲೆ ಬೇರೆ ಸೀಟು ಬಂದರೆ ಫೀ ಎಷ್ಟು ವಾಪಸ್ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ. ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ.

ದಾನದಿಂದ ಓದಿಸುವುದು ಈ ಊರಿಗೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋದರು. 1916ರಲ್ಲಿ ಏಳು ಜನ ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದ್ದೂ ಇಂಥ ದಾನಿಗಳನ್ನು ನಂಬಿಕೊಂಡೇ. ಲಿಂಗರಾಜ ಕಾಲೇಜಿಗೆ ಆ ಹೆಸರು ಬಂದದ್ದೂ ಹಾಗೆ. ನಾಗನೂರು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಮನೆಗಳು ಬೆಳಗಾವಿ ತುಂಬ ಇವೆ. ಮಠದ ನಿಲಯ, ಸಮಾಜದ ಟ್ರಸ್ಟು, ಊರಿನ ಸಂಘ ಇವೆಲ್ಲ ಪೋರ್ಟಲ್ಲಿನಲ್ಲಿ ಕಾಣುವುದಿಲ್ಲ. ಹೋಗಿ ಕೇಳಬೇಕು. ಇಲ್ಲಿನ ಮೊತ್ತ ಸಣ್ಣದಿರಬಹುದು, ಆದರೆ ಸರ್ಕಾರದ ದುಡ್ಡಿಗಿಂತ ಮೊದಲು ಕೈಸೇರುವ ಸಂಭವ ಹೆಚ್ಚು. ತಂಗಿಯ ಪ್ರಶ್ನೆಗೆ ಉತ್ತರ ಹೇಳುವುದು ಅದೇ.

ಒಂದು ಮಾತು ಉಳಿಯಿತು. ಇವುಗಳಲ್ಲಿ ಹೆಚ್ಚಿನವು ವರ್ಷವರ್ಷ ನವೀಕರಣ ಕೇಳುತ್ತವೆ. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಮನೆಯವರ ಉತ್ಸಾಹ ಇಳಿದಿರುತ್ತದೆ, ಮಕ್ಕಳಿಗೆ ಇಂಟರ್ನಲ್ಸ್ ಗಡಿಬಿಡಿ, ಕೊನೆಯ ದಿನ ದಾಟಿಹೋಗುತ್ತದೆ. ಸೊಸೆಯ ಅಂಕಪಟ್ಟಿ ಈ ವಾರ ಬಂದಿದೆ. ಕಾಲೇಜಿನ ಆಫೀಸಿನಿಂದ ಬೋನಫೈಡ್ ಮತ್ತು ಫೀ ರಸೀದಿ ತೆಗೆಸಿ ಇಟ್ಟುಕೋ ಎಂದು ಅವಳಿಗೆ ಹೇಳಿದ್ದೇನೆ. ಬಳೆ ಬಿಡಿಸಿಕೊಳ್ಳುವುದು ಇನ್ನೂ ಬಾಕಿ ಇದೆ.