ಮರದ ಬೊಡ್ಡೆ ತೆಗೆಯುವ ಹಗುರ ಯಂತ್ರ: ಎಷ್ಟು ಅಶ್ವಶಕ್ತಿ ಸಾಕು?

ಮರ ಕಡಿಯುವುದು ಅರ್ಧ ದಿನದ ಕೆಲಸ. ಅದರ ಬೊಡ್ಡೆ ಕೀಳುವುದು ಮಾತ್ರ ಇಬ್ಬರು ಮೂವರು ಆಳುಗಳ ಬೆವರನ್ನು ದಿನಗಟ್ಟಲೆ ಹೀರುತ್ತದೆ. ಆಳುಗಳು ದೊರೆಯುವುದೇ ದುರ್ಲಭವಾಗಿರುವಾಗ, ಕೈಯಲ್ಲಿ ಹಿಡಿದು ಅಥವಾ ತಳ್ಳಿಕೊಂಡು ತೋಟದೊಳಗೆ ಒಯ್ಯಬಹುದಾದ ಬೊಡ್ಡೆ ಅರೆಯುವ ಯಂತ್ರ, ಅಂದರೆ ಸ್ಟಂಪ್ ಗ್ರೈಂಡರ್, ಸಣ್ಣ ಬೆಳೆಗಾರರ ಗಮನವನ್ನು ಸೆಳೆದಿರುವುದು ಸಹಜವೇ. ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಅಶ್ವಶಕ್ತಿಯದು ಒಳ್ಳೆಯದು?’ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಯಾವ ಬೊಡ್ಡೆ, ಅದನ್ನು ಏಕೆ ತೆಗೆಯಬೇಕಾಗಿದೆ?’ ಇದಕ್ಕೆ ಉತ್ತರ ಸಿಕ್ಕಿದರೆ ಎಂಜಿನ್ನಿನ ಗಾತ್ರ ತಾನಾಗಿಯೇ ತೀರ್ಮಾನವಾಗುತ್ತದೆ. ಕೆಲವೊಮ್ಮೆ ಯಂತ್ರವೇ ಬೇಡವೆಂದೂ ತಿಳಿಯುತ್ತದೆ.

1. ರೋಗದ ಬೊಡ್ಡೆಗೆ ಯಂತ್ರ ಮದ್ದಲ್ಲ

ಅಡಿಕೆಗೆ ಬರುವ ಅಣಬೆ ರೋಗವನ್ನು ನಾವೆಲ್ಲ ಬಲ್ಲೆವು. ಗ್ಯಾನೋಡರ್ಮಾ ಎಂಬ ಶಿಲೀಂಧ್ರವು ಬೇರು ಮತ್ತು ಬುಡವನ್ನು ಕೊಳೆಯಿಸಿ, ಮರ ಸತ್ತ ಮೇಲೂ ಬೊಡ್ಡೆಯಲ್ಲಿ ಮತ್ತು ಬೇರಿನಲ್ಲಿ ಬದುಕಿರುತ್ತದೆ. ಇಂಥ ಬೊಡ್ಡೆಯನ್ನು ಯಂತ್ರದಿಂದ ಅರೆದರೆ ಮೇಲಿನ ಭಾಗ ಪುಡಿಯಾಗಿ ಪಕ್ಕದ ಮರಗಳ ಬುಡಕ್ಕೆ ಚೆಲ್ಲುತ್ತದೆ, ಬೇರುಗಳು ನೆಲದಲ್ಲೇ ಉಳಿಯುತ್ತವೆ. ನೋಡಲು ಜಾಗ ಚೊಕ್ಕಟವಾದಂತೆ ಕಂಡರೂ ರೋಗ ಅಲ್ಲೇ ಇರುತ್ತದೆ. ಇಲ್ಲಿ ಮಾಡತಕ್ಕದ್ದು ಹಳೆಯ ಕ್ರಮವೇ. ರೋಗದ ಮರದಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಸುತ್ತಲೂ 60 ಸೆಂ.ಮೀ. ಆಳ, 30 ಸೆಂ.ಮೀ. ಅಗಲದ ಚರಂಡಿ ತೆಗೆದು, ಬೊಡ್ಡೆಯನ್ನು ಬೇರುಸಹಿತ ಅಗೆದು ಸುಡಬೇಕು. ನೀರು ನಿಲ್ಲದಂತೆ ನೋಡಿಕೊಂಡು, ಉಳಿದ ಮರಗಳಿಗೆ ವರ್ಷಕ್ಕೆ ತಲಾ 2 ಕಿಲೋ ಬೇವಿನ ಹಿಂಡಿ ಕೊಡಬೇಕು.

ಕಾಫಿ ತೋಟದಲ್ಲಿಯೂ ಇದೇ ಮಾತು. ಕಂದು, ಕೆಂಪು ಮತ್ತು ಕಪ್ಪು ಬೇರು ರೋಗಗಳು ಕೊಳೆಯುತ್ತಿರುವ ನೆರಳು ಮರದ ಬೊಡ್ಡೆ ಮತ್ತು ಬೇರುಗಳಿಂದ ಕಾಫಿ ಗಿಡಕ್ಕೆ ದಾಟುತ್ತವೆ. ಆದ್ದರಿಂದಲೇ ಮರವನ್ನು ಕಡಿಯುವುದಕ್ಕೆ ಒಂದು ವರ್ಷ ಮೊದಲು ಬುಡದಲ್ಲಿ ಉಂಗುರದಂತೆ ತೊಗಟೆ ಸುಲಿದು ಬಿಡುವ ರೂಢಿ ಬಂದದ್ದು. ಹೀಗೆ ಮಾಡಿದರೆ ಬೇರಿನಲ್ಲಿ ಕೂಡಿಟ್ಟ ಪಿಷ್ಟ ಕರಗಿ ಶಿಲೀಂಧ್ರಕ್ಕೆ ಆಹಾರ ಕಡಿಮೆಯಾಗುತ್ತದೆ. ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಗಿಡವನ್ನೂ ಕೀಟ ಹಾರುವ ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ಕಾಲಕ್ಕೆ ಮುಂಚೆಯೇ ಬೇರುಸಹಿತ ಕಿತ್ತು ಸುಡಬೇಕು. ಆ ತೆಳ್ಳನೆಯ ಬುಡಕ್ಕೆ ಹಾರೆ, ಪಿಕಾಸಿ ಸಾಕು.

ರೋಗದ ಗುರುತು ಸಿಕ್ಕದಿದ್ದಲ್ಲಿ ಕಾಫಿ ಬೆಳೆಗಾರರು 1925ರಲ್ಲಿ ಸ್ಥಾಪಿತವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವನ್ನೂ, ಅಡಿಕೆ ಬೆಳೆಗಾರರು ವಿಟ್ಲದ ಕೇಂದ್ರವನ್ನೂ ವಿಚಾರಿಸಿ ಮುಂದುವರಿಯುವುದು ಒಳ್ಳೆಯದು.

ಹಾಗಾದರೆ ಯಂತ್ರಕ್ಕೆ ತಕ್ಕ ಬೊಡ್ಡೆ ಯಾವುದು? ರೋಗವಿಲ್ಲದ ಸಿಲ್ವರ್ ಓಕ್, ಹಾಲುವಾಣ, ಹಲಸು ಮುಂತಾದ ಮರಗಳದ್ದು. ದಾರಿಗೆ, ಕಣಕ್ಕೆ, ಪೈಪಿನ ಸಾಲಿಗೆ ಅಥವಾ ಹೊಸ ಗಿಡ ನೆಡುವ ಗುಂಡಿಗೆ ಅಡ್ಡವಾಗಿರುವಂಥದ್ದು. ಅಡಿಕೆ, ತೆಂಗಿನ ಬುಡದಲ್ಲಿ ತಾಯಿಬೇರಿಲ್ಲ, ಇರುವುದೆಲ್ಲ ನಾರು. ಆ ನಾರು ಯಂತ್ರದ ಅಚ್ಚಿಗೆ ಸುತ್ತಿಕೊಂಡು ಪದೇ ಪದೇ ನಿಲ್ಲಿಸುತ್ತದೆ. ಅಡಿಕೆ ಬುಡವನ್ನು ಅಗೆದು ತೆಗೆಯುವುದೇ ಸುಲಭ.

2. ಯಂತ್ರದ ಕೆಲಸ ಹೇಗೆ?

ಎಂಜಿನ್ ಒಂದು ಉಕ್ಕಿನ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಅಂಚಿನಲ್ಲಿ ಕಾರ್ಬೈಡ್ ಹಲ್ಲುಗಳಿರುತ್ತವೆ. ಚಕ್ರವನ್ನು ಬೊಡ್ಡೆಯ ಮೇಲೆ ಎಡಕ್ಕೂ ಬಲಕ್ಕೂ ಆಡಿಸುತ್ತ ಹೋದಂತೆ ಮರ ಚೂರು ಚೂರಾಗಿ ಏಳುತ್ತದೆ. ನೆಲದ ಕೆಳಗೆ 20ರಿಂದ 30 ಸೆಂ.ಮೀ. ವರೆಗೆ ಅರೆದರೆ ನೆಡುವಿಕೆಗೆ ಸಾಮಾನ್ಯವಾಗಿ ಸಾಲುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಿರಿ. 30 ಸೆಂ.ಮೀ. ಅಡ್ಡಗಲದ ಬೊಡ್ಡೆಯನ್ನು 20 ಸೆಂ.ಮೀ. ಆಳಕ್ಕೆ ಅರೆಯಲು ಸುಮಾರು 14 ಲೀಟರ್ ಗಾತ್ರದ ಮರವನ್ನು ಪುಡಿ ಮಾಡಬೇಕು. ಅದೇ 60 ಸೆಂ.ಮೀ. ಬೊಡ್ಡೆಯಾದರೆ ಸುಮಾರು 56 ಲೀಟರ್. ಅಡ್ಡಗಲ ಎರಡರಷ್ಟಾದರೆ ಕೆಲಸ ನಾಲ್ಕರಷ್ಟು! ಬುಡ ಅಗಲವಾಗಿ ಹರಡಿದ್ದರೆ ಇನ್ನೂ ಹೆಚ್ಚು. ಆದುದರಿಂದ ಅಳತೆಯನ್ನು ಎದೆಯೆತ್ತರದಲ್ಲಿ ತೆಗೆದುಕೊಳ್ಳದೆ ನೆಲಮಟ್ಟದಲ್ಲಿಯೇ ತೆಗೆದುಕೊಳ್ಳಬೇಕು. ಮರ ಕಡಿಸುವಾಗಲೇ ಗರಗಸವನ್ನು ನೆಲಕ್ಕೆ ಸಮೀಪವಾಗಿ ಹಿಡಿಸಿದರೆ ಮುಂದಿನ ಶ್ರಮವೂ ಪೆಟ್ರೋಲೂ ಉಳಿಯುತ್ತವೆ.

3. ಎಂಜಿನ್ನಿನ ಗಾತ್ರ

ಹಗುರ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ.

(ಅ) ಮರ ಕೊಯ್ಯುವ ಗರಗಸದಂಥ ಎರಡು-ಸ್ಟ್ರೋಕ್ ಎಂಜಿನ್ನಿನವು. 70ರಿಂದ 90 ಸಿ.ಸಿ. ಗಾತ್ರದ ಇಂಥ ಎಂಜಿನ್ ಐದರಿಂದ ಏಳು ಅಶ್ವಶಕ್ತಿ ಕೊಡುತ್ತದೆ. ಒಬ್ಬನೇ ಎತ್ತಿ ಒಯ್ಯಬಹುದು. 20ರಿಂದ 40 ಸೆಂ.ಮೀ. ಬೊಡ್ಡೆಗೆ, ಅದೂ ವಿರಾಮ ಕೊಟ್ಟು ಮಾಡುವ ಕೆಲಸಕ್ಕೆ, ಇದು ಸರಿ. ಕೈಗೆ ಅದಿರು ಹೆಚ್ಚು, ಶಬ್ದ ಹೆಚ್ಚು, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು.

(ಆ) ಗಾಲಿಯ ಮೇಲೆ ಕೂರಿಸಿದ ನಾಲ್ಕು-ಸ್ಟ್ರೋಕ್ ಎಂಜಿನ್ನಿನವು. ಇವು ಸಾಮಾನ್ಯವಾಗಿ 9ರಿಂದ 13 ಅಶ್ವಶಕ್ತಿಯವು. 40ರಿಂದ 60 ಸೆಂ.ಮೀ. ಬೊಡ್ಡೆಗೆ ಇವು ಬೇಕು. ಆದರೆ ತೂಕ ನೋಡಿರಿ: 389 ಸಿ.ಸಿ. ಎಂಜಿನ್ ಒಂದೇ 30 ಕಿಲೋ ಮೀರುತ್ತದೆ, ಇಡೀ ಯಂತ್ರ ನೂರು ಕಿಲೋ ಆಸುಪಾಸಿನಲ್ಲಿರುತ್ತದೆ. ‘ಪೋರ್ಟಬಲ್’ ಎಂದು ಬರೆದಿದ್ದರೂ ಕಾಫಿ ಸಾಲಿನ ನಡುವೆ ಏರು ಹತ್ತಿಸಲು ಇಬ್ಬರು ಗಟ್ಟಿ ಆಳು ಬೇಕು.

20 ಸೆಂ.ಮೀ.ಗಿಂತ ಸಣ್ಣದಕ್ಕೆ ಕೈ ಸಲಕರಣೆಯೇ ಲಾಭ. 60 ಸೆಂ.ಮೀ. ಮೀರಿದ್ದಕ್ಕೆ ಹಗುರ ಯಂತ್ರವನ್ನು ಹಿಂಸಿಸದೆ ದೊಡ್ಡ ಯಂತ್ರವನ್ನು ಬಾಡಿಗೆಗೆ ತರಿಸುವುದೇ ಜಾಣತನ.

ಮಾರಾಟಗಾರರು ಹೇಳುವ ಅಶ್ವಶಕ್ತಿಯಲ್ಲಿ ಒಟ್ಟು ಶಕ್ತಿ, ನಿವ್ವಳ ಶಕ್ತಿ ಎಂಬ ಎರಡು ಲೆಕ್ಕಗಳಿವೆ. ಹಿಂದೆ 13 ಅಶ್ವಶಕ್ತಿಯೆಂದು ಮಾರುತ್ತಿದ್ದ ಹೋಂಡಾ ಜಿ.ಎಕ್ಸ್. 390 ಎಂಜಿನ್ನನ್ನು ಈಗ ಅದೇ ಕಂಪೆನಿ ನಿವ್ವಳ ಲೆಕ್ಕದಲ್ಲಿ 11.7 ಎನ್ನುತ್ತದೆ. ಆದ್ದರಿಂದ ಎರಡು ಯಂತ್ರಗಳನ್ನು ಹೋಲಿಸುವಾಗ ಸಿ.ಸಿ.ಯನ್ನೂ, ನಿವ್ವಳ ಶಕ್ತಿಯನ್ನೂ, ಅದು ಎಷ್ಟು ಸುತ್ತಿನಲ್ಲಿ ದೊರೆಯುತ್ತದೆಂಬುದನ್ನೂ ಕೇಳಿ ಬರೆದುಕೊಳ್ಳಿರಿ.

4. ಎತ್ತರ, ಇಳಿಜಾರು, ಮಣ್ಣು

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಪೆಟ್ರೋಲ್ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಶೇಕಡ 3.5ರಷ್ಟು ನಷ್ಟವೆಂಬುದು ತಯಾರಕರೇ ಕೊಡುವ ಲೆಕ್ಕ. ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರು, ಕೊಡಗಿನ ತೋಟದಲ್ಲಿ 11.7 ಅಶ್ವಶಕ್ತಿಯ ಎಂಜಿನ್ 10.3ರ ಹತ್ತಿರಕ್ಕೆ ಇಳಿಯುತ್ತದೆ. ಕರಾವಳಿಯ ಅಡಿಕೆ ತೋಟದಲ್ಲಿ ಈ ನಷ್ಟವಿಲ್ಲ. ಘಟ್ಟದ ಮೇಲಿನವರು ಅಳತೆಗೆ ತಕ್ಕುದಕ್ಕಿಂತ ಒಂದು ಮೆಟ್ಟಿಲು ಮೇಲಿನ ಎಂಜಿನ್ ನೋಡುವುದು ಇದೇ ಕಾರಣಕ್ಕಾಗಿ.

ಇಳಿಜಾರು ಇನ್ನೊಂದು ತೊಡಕು. ಸಾಮಾನ್ಯ ನಾಲ್ಕು-ಸ್ಟ್ರೋಕ್ ಎಂಜಿನ್ನಿನಲ್ಲಿ ತಳದ ಎಣ್ಣೆ ಚಿಮ್ಮಿ ಭಾಗಗಳಿಗೆ ತಲಪಬೇಕು. 20 ಡಿಗ್ರಿಗಿಂತ ಹೆಚ್ಚು ವಾಲಿದರೆ ಎಣ್ಣೆ ತಲಪದೆ ಎಂಜಿನ್ ಕೆಡಬಹುದು. ಕಡಿದಾದ ಜಾಗಕ್ಕೆ ಎಣ್ಣೆ ಬೆರೆಸಿ ಉರಿಸುವ ಎರಡು-ಸ್ಟ್ರೋಕ್ ಎಂಜಿನ್ನೇ ವಾಸಿ. ಇನ್ನೂ ಒಂದು ಮಾತು: ಕಡಿದಾದ ಇಳಿಜಾರಿನಲ್ಲಿ ರೋಗವಿಲ್ಲದ ಬೊಡ್ಡೆ ಮಣ್ಣನ್ನು ಹಿಡಿದಿಡುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಡ್ಡವಾಗದ ಬೊಡ್ಡೆಯನ್ನು ಅಂಥ ಕಡೆ ಬಿಡುವುದೇ ಮೇಲು.

ಮಣ್ಣಿನ ಗುಣವೂ ಮುಖ್ಯ. ಬಯಲುಸೀಮೆಯಲ್ಲಿ ಚೆನ್ನಾಗಿ ಓಡಿತೆಂಬ ಮಾತನ್ನು ನಂಬಿ ಮಲೆನಾಡಿಗೆ ಯಂತ್ರ ಕೊಳ್ಳಬಾರದು. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ, ಮಾಯಕ್ಕದೇವಿಯ ಜಾತ್ರೆಗೆ ಹೆಸರಾದ ಚಿಂಚಲಿಯಂಥ ಕಬ್ಬಿನ ಊರನ್ನೇ ತೆಗೆದುಕೊಳ್ಳಿರಿ. ಅಲ್ಲಿ ಟ್ರ್ಯಾಕ್ಟರ್ ಹೊಲದ ಅಂಚಿಗೇ ಬರುತ್ತದೆ, ಬದುವಿನ ಜಾಲಿ ಬೊಡ್ಡೆಗೆ ಟ್ರ್ಯಾಕ್ಟರಿನ ಶಕ್ತಿಯಿಂದ ಓಡುವ ಯಂತ್ರವನ್ನೇ ಜೋಡಿಸಬಹುದು, ತೂಕದ ಚಿಂತೆಯಿಲ್ಲ. ನಮ್ಮಲ್ಲಿ ಜಂಬಿಟ್ಟಿಗೆ ಕಲ್ಲು, ಸಾಲಿನ ಇಕ್ಕಟ್ಟು, ಏರು. ಕಲ್ಲಿಗೆ ತಾಗಿದರೆ ಕಾರ್ಬೈಡ್ ಹಲ್ಲು ಸಿಡಿಯುತ್ತದೆ. ಕೆಲಸಕ್ಕೆ ಮುನ್ನ ಬೊಡ್ಡೆಯ ಸುತ್ತಲಿನ ಮಣ್ಣನ್ನು ಕೆದರಿ ಕಲ್ಲುಗಳನ್ನು ಆರಿಸಿ ತೆಗೆಯಲೇಬೇಕು. ಕಬ್ಬಿನ ಸೀಮೆಯಲ್ಲಿ ಬಳಸುವ ಕೂಳೆ ಸವರುವ ಯಂತ್ರ ಬೇರೆಯೇ. ಅದು ಕಬ್ಬಿನ ಬುಡಕ್ಕಷ್ಟೇ ಹೊರತು ಮರದ ಬೊಡ್ಡೆಗಲ್ಲ. ಕೊಳ್ಳುವಾಗ ಇವೆರಡನ್ನು ಒಂದೆಂದು ತಿಳಿಯಬಾರದು.

5. ಸ್ವಂತಕ್ಕೋ, ಒಟ್ಟಾಗಿಯೋ?

ಲೆಕ್ಕಕ್ಕಾಗಿ ಯಂತ್ರದ ಬೆಲೆ ಒಂದು ಲಕ್ಷ ರೂಪಾಯಿ, ಬಾಳಿಕೆ ಎಂಟು ವರ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 12,500 ರೂ. ಬಿತ್ತು. ಎರಡೆಕರೆಯವರು ವರ್ಷಕ್ಕೆ 10 ಬೊಡ್ಡೆ ತೆಗೆದರೆ ಒಂದಕ್ಕೆ 1,250 ರೂ.; ಪೆಟ್ರೋಲ್, ಹಲ್ಲು, ಕೂಲಿ ಇದರ ಮೇಲೆ. ಅದೇ ಯಂತ್ರವನ್ನು 10 ಮಂದಿ ಹಂಚಿಕೊಂಡು ವರ್ಷಕ್ಕೆ 100 ಬೊಡ್ಡೆ ತೆಗೆದರೆ ಒಂದಕ್ಕೆ 125 ರೂ. ಸವೆತ ಹೆಚ್ಚುವುದನ್ನು ಸೇರಿಸಿದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಿಮಗೆ ಸಿಕ್ಕ ನಿಜವಾದ ದರವನ್ನು ಇಲ್ಲಿ ಇಟ್ಟು ಲೆಕ್ಕ ಹಾಕಿ ನೋಡಿರಿ. ಸಹಕಾರದ ಅರ್ಥ ಇಂಥಲ್ಲೇ ಕಾಣುವುದು. ರಾಜ್ಯದಲ್ಲಿ ಬಾಡಿಗೆಗೆ ಯಂತ್ರ ಒದಗಿಸಲು 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಕೇಂದ್ರ ಹತ್ತಿರದಲ್ಲಿದ್ದರೆ ಅಲ್ಲಿಯೂ ವಿಚಾರಿಸಬಹುದು. ಒಟ್ಟಾಗಿ ಕೊಂಡರೆ ಓಡಿಸುವ ಒಬ್ಬನನ್ನೇ ಗೊತ್ತುಮಾಡಿ, ಓಡಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು.

6. ಅಪಾಯದ ಬಗ್ಗೆ ಎಚ್ಚರಿಕೆ

ಈ ಚಕ್ರ ಕಲ್ಲನ್ನೂ ಚೂರನ್ನೂ ಗುಂಡಿನಂತೆ ಎಸೆಯುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಮುಟ್ಟಬಾರದು. ಪಂಚೆ, ಲುಂಗಿ, ಹೆಗಲ ಟವೆಲ್ ಬೇಡ. ನೋಡಲು ಬಂದವರು, ಅದರಲ್ಲೂ ಮಕ್ಕಳು, ದೂರವಿರಲಿ. ನಾರು ಸುತ್ತಿಕೊಂಡರೆ ಎಂಜಿನ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿಯೇ ಕೈ ಹಾಕಬೇಕು. ಹೂತಿಟ್ಟ ನೀರಿನ ಪೈಪು, ವಿದ್ಯುತ್ ತಂತಿ ಎಲ್ಲಿವೆಯೆಂದು ಮೊದಲೇ ತಿಳಿದಿರಬೇಕು. ಮಳೆಗಾಲಕ್ಕೆ ಮುನ್ನ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿಡಿರಿ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಎಳೆದುಕೊಳ್ಳುತ್ತದೆ. ಈಗ ಬಂಕುಗಳಲ್ಲಿ ದೊರೆಯುವ ಶೇಕಡ 20ರ ಮಿಶ್ರಣಕ್ಕೆ ಎಂಜಿನ್ ಒಗ್ಗುವುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿರಿ.

7. ಅರೆದ ಮೇಲೆ

ಚೂರುಗಳನ್ನು ಗುಂಡಿಯಲ್ಲೇ ಬಿಟ್ಟು ಗಿಡ ನೆಡಬಾರದು. ಹಸಿ ಮರದ ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಅವನ್ನು ಬಾಚಿ ಸಗಣಿಯೊಡನೆ ಗೊಬ್ಬರ ಗುಂಡಿಗೆ ಹಾಕಿ, ಮೇಲ್ಮಣ್ಣಿನಿಂದ ತುಂಬಿಸಿರಿ. ಪಕ್ಕದ ಕಾಫಿ ಗಿಡದ ಆಹಾರ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುವುದರಿಂದ ಬೊಡ್ಡೆಯ ಅಂಚು ದಾಟಿ ಚಕ್ರ ಆಡಿಸಬಾರದು.

ಕಡಿಯುವುದಕ್ಕೆ ಮೊದಲು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಆ ಜಾತಿಯ ಮರಕ್ಕೆ ಅನುಮತಿ ಬೇಕೇ ಎಂದು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದನ್ನು ಮರೆಯಬಾರದು.

ಒಟ್ಟಿನಲ್ಲಿ, ಅಂಗಡಿಗೆ ಹೋಗುವ ಮುನ್ನ ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ತೋಟವನ್ನೊಮ್ಮೆ ಸುತ್ತಿ ಬನ್ನಿರಿ. ಪ್ರತಿ ಬೊಡ್ಡೆಯ ನೆಲಮಟ್ಟದ ಅಡ್ಡಗಲ, ಜಾತಿ, ರೋಗ ಇದೆಯೋ ಇಲ್ಲವೋ, ನೆಲ ಎಷ್ಟು ಇಳಿಜಾರು ಎಂಬ ನಾಲ್ಕು ಸಂಗತಿಗಳನ್ನು ಬರೆಯಿರಿ. ರೋಗದವನ್ನು ಹಾರೆ ಪಿಕಾಸಿಗೆ ಬಿಡಿರಿ. ಉಳಿದವುಗಳಲ್ಲಿ ಹೆಚ್ಚಿನವು ಯಾವ ಅಳತೆಯವೋ ಅದಕ್ಕೆ ತಕ್ಕ ಎಂಜಿನ್ ಆರಿಸಿರಿ. ತೋಟದಲ್ಲಿರುವ ಒಂದೇ ಒಂದು ದೊಡ್ಡ ಬೊಡ್ಡೆಗಾಗಿ ದೊಡ್ಡ ಯಂತ್ರ ಕೊಳ್ಳಬೇಡಿರಿ. ಆ ಪಟ್ಟಿಯನ್ನು ನೆರೆಯ ಬೆಳೆಗಾರರ ಪಟ್ಟಿಯೊಡನೆ ಕೂಡಿಸಿ ನೋಡಿದರೆ ಯಂತ್ರ ಒಬ್ಬರಿಗೆ ಬೇಕೋ, ಊರಿಗೊಂದು ಸಾಕೋ ಎಂಬುದೂ ತಿಳಿಯುತ್ತದೆ.